ಇಂಗ್ಲಿಷ್ ಎಂ.ಎ.ಗೆ ಬೈಬಲ್ ಓದಲೇಬೇಕಾ, ಉಲ್ಲೇಖಗಳ ಕೈಪಿಡಿ ಸಾಕಾಗುತ್ತಾ?

ಕೈಪಿಡಿ ಬೇಡ. ದಯವಿಟ್ಟು ಬೇಡ. "ನಾನು ಕ್ರೈಸ್ತಳಲ್ಲ, ಕನ್ನಡ ಮೀಡಿಯಂನಲ್ಲಿ ಓದಿದವಳು, ಇಡೀ ಬೈಬಲ್ ಓದೋಕೆ ಟೈಮ್ ಇಲ್ಲ, ಮುಖ್ಯ ಹೆಸರುಗಳ ಪಟ್ಟಿ ಇರುವ ಒಂದು ಪುಸ್ತಕ ಹೇಳಿ" ಅಂತ ಕೇಳಿದ್ದೀರಿ. ಹದಿನಾರು ವರ್ಷದ ಹಿಂದೆ ನಾನೂ ನನ್ನ ಸೀನಿಯರ್ ಒಬ್ಬರ ಹತ್ತಿರ ಇದನ್ನೇ ಕೇಳಿದ್ದೆ. ಅವರು ಒಂದು ಪುಸ್ತಕ ಕೊಟ್ಟರು. ಅದನ್ನು ನಂಬಿ ನಾನು ಒಂದು ವರ್ಷ ಕಳೆದುಕೊಂಡೆ.

ನನ್ನದು ಎಂ.ಫಿಲ್. ವಿಷಯ, ಹರ್ಮನ್ ಮೆಲ್ವಿಲ್‌ನ ಮೋಬಿ ಡಿಕ್. ತನ್ನ ಕಾಲು ಕಿತ್ತ ಬಿಳಿ ತಿಮಿಂಗಿಲದ ಬೆನ್ನು ಹತ್ತಿದ ಅಹಾಬ್ ಎಂಬ ಕ್ಯಾಪ್ಟನ್ನು, ಅವನ ಹಡಗಿನಲ್ಲಿದ್ದು ಕಥೆ ಹೇಳುವ ಇಷ್ಮಾಯೇಲ. 135 ಅಧ್ಯಾಯ, ಕೊನೆಗೊಂದು ಪುಟ್ಟ ಉಪಸಂಹಾರ. ಪುಟಪುಟದಲ್ಲೂ ಬೈಬಲಿನ ಹೆಸರುಗಳು. ನನಗೆ ಒಂದೂ ಗೊತ್ತಿರಲಿಲ್ಲ. ಸೀನಿಯರ್ ಕೊಟ್ಟ ಕೈಪಿಡಿ ಇಟ್ಟುಕೊಂಡು ಕಾರ್ಡ್ ಮಾಡಿದೆ. ಒಂದು ಕಡೆ ಹೆಸರು, ಇನ್ನೊಂದು ಕಡೆ ಎರಡು ಸಾಲು ಅರ್ಥ. ಚಪ್ಪಲಿ ಡಬ್ಬಿಯ ತುಂಬ ಕಾರ್ಡು. ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. ಅಹಾಬ: ಇಸ್ರಾಯೇಲಿನ ದುಷ್ಟ ರಾಜ. ಯೋನ: ಮೀನಿನ ಹೊಟ್ಟೆ ಸೇರಿದ ಪ್ರವಾದಿ. ರಾಹೇಲ: ಮಕ್ಕಳಿಗಾಗಿ ಅಳುವ ತಾಯಿ. ಇಷ್ಮಾಯೇಲ: ಅಬ್ರಹಾಮನ ಮಗ, ಮನೆಯಿಂದ ಹೊರಗೆ ಹಾಕಲ್ಪಟ್ಟವನು, ಬಹಿಷ್ಕೃತನ, ಅಲೆಮಾರಿಯ ಸಂಕೇತ.

ಆ ಕೊನೆಯ ಕಾರ್ಡೇ ನನ್ನನ್ನು ಮುಳುಗಿಸಿದ್ದು.

ಅದರ ಮೇಲೆ ನಾನು ನಲವತ್ತು ಪುಟದ ಅಧ್ಯಾಯ ಕಟ್ಟಿದೆ. ಮೆಲ್ವಿಲ್ ಈ ಹೆಸರನ್ನು ಯಾಕೆ ಆರಿಸಿಕೊಂಡ? ಜಗತ್ತಿನಲ್ಲಿ ಯಾರೂ ಇಲ್ಲದವನು, ಮೊರೆಯಿಟ್ಟರೂ ಕೇಳುವವರಿಲ್ಲದವನು ಅಂತ ತೋರಿಸುವುದಕ್ಕೆ. ಹೀಗೆ ವಾದ. ಅಧ್ಯಾಯದ ಕೊನೆಗೆ ತುಂಬ ಹೆಮ್ಮೆಯಿಂದ ಒಂದು ವಾಕ್ಯ ಬರೆದಿದ್ದೆ: "ದೇವರು ಕೇಳಿಸಿಕೊಳ್ಳದ ಮನುಷ್ಯನ ಹೆಸರು ಇಷ್ಮಾಯೇಲ."

ವೈವಾಕ್ಕೆ ಬೇರೆ ರಾಜ್ಯದಿಂದ ಒಬ್ಬರು ಹಿರಿಯ ಮೇಡಂ ಬಂದಿದ್ದರು. ಮೆತ್ತಗಿನ ಮಾತು. ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು. "ಈ ಹೆಸರಿನ ಅರ್ಥ ಏನಮ್ಮ?" ಅಂದರು. ಬಹಿಷ್ಕೃತ ಅಂದೆ. "ಅದು ಅವನಿಗೆ ಆಗಿದ್ದು. ನಾನು ಕೇಳಿದ್ದು ಹೆಸರಿನ ಅರ್ಥ." ನನಗೆ ಗೊತ್ತಿರಲಿಲ್ಲ. ಅವರು ಇನ್ನೊಂದು ಸಲ ಆ ವಾಕ್ಯ ಓದಿದರು. ಆಮೇಲೆ ಹೇಳಿದರು: ಹೀಬ್ರೂ ಭಾಷೆಯಲ್ಲಿ ಇಷ್ಮಾಯೇಲ ಅಂದರೆ 'ದೇವರು ಕೇಳಿಸಿಕೊಳ್ಳುತ್ತಾನೆ'.

ನಾನು ಬರೆದದ್ದಕ್ಕೆ ನೇರ ಉಲ್ಟಾ. ಇದು ಎಲ್ಲೋ ಅಡಗಿರುವ ವಿಷಯವೂ ಅಲ್ಲ. ಆದಿಕಾಂಡದ 16ನೇ ಅಧ್ಯಾಯ, 11ನೇ ವಚನದಲ್ಲಿ, ಹೆಸರಿಡುವ ಜಾಗದಲ್ಲೇ ಅರ್ಥ ಬಿಡಿಸಿ ಹೇಳಿದೆ. ಆ ಪುಟ ತೆರೆದಿದ್ದರೆ ಮಗುವಿಗೂ ಕಾಣುತ್ತಿತ್ತು.

ಅಧ್ಯಾಯ ಪೂರ್ತಿ ಬರೆದು ಮತ್ತೆ ಸಲ್ಲಿಸಿ ಅಂದರು. ಗೈಡ್ ರಜೆಯಲ್ಲಿದ್ದರು, ಹೊಸ ದಿನಾಂಕ ಸಿಗಲು ತಡವಾಯಿತು, ಒಟ್ಟು ಹನ್ನೊಂದು ತಿಂಗಳು ಹೋಯಿತು. ಜೂನ್ ಒಳಗೆ ಸರ್ಟಿಫಿಕೇಟ್ ಕೊಟ್ಟರೆ ಸಿಗಬೇಕಿದ್ದ ಉಪನ್ಯಾಸಕಿ ಕೆಲಸ ಕೈತಪ್ಪಿತು. ಅದೇ ವರ್ಷ ಅಪ್ಪ ರಿಟೈರ್ ಆಗಿದ್ದರು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅದೇ ಕಷ್ಟವಾಗಿತ್ತು.

ನನ್ನ ತಪ್ಪು ಎಲ್ಲಿ ಅಂತ ಸರಿಯಾಗಿ ನೋಡಿ. ಕೈಪಿಡಿ ಸುಳ್ಳು ಹೇಳಿರಲಿಲ್ಲ. ಇಷ್ಮಾಯೇಲನನ್ನು ಹೊರಗೆ ಹಾಕಿದ್ದು ನಿಜ. ಅದು ಅರ್ಧ ಕಥೆಗೆ ನಿಂತಿತ್ತು, ಅಷ್ಟೆ. ಎರಡು ಸಾಲಿನಲ್ಲಿ ಹೇಳಬೇಕು ಅಂದಾಗ ಕಥೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಲ್ಲಿ ನಿಲ್ಲಿಸಬೇಕು ಅಂತ ಕೈಪಿಡಿ ಬರೆದವರು ತೀರ್ಮಾನ ಮಾಡಿರುತ್ತಾರೆ. ಮೆಲ್ವಿಲ್ ಅಲ್ಲಿ ನಿಲ್ಲಿಸಿರಲಿಲ್ಲ. ಅವನು ಇಡೀ ಕಥೆ ಓದಿದ್ದ, ತನ್ನ ಓದುಗರೂ ಓದಿದ್ದಾರೆ ಅಂತ ನಂಬಿ ಬರೆದ. ನಾನು ಮರಳುಗಾಡಿನ ನಡುವೆ ಪುಸ್ತಕ ಮುಚ್ಚಿ, ಕಥೆ ಮುಗಿಯಿತು ಅಂದುಕೊಂಡೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಹಾಸನದಲ್ಲಿ ನಮ್ಮ ಪಕ್ಕದ ಮನೆಯ ಆಂಟಿ. ಸಿ.ಎಸ್.ಐ. ಚರ್ಚಿಗೆ ಹೋಗುತ್ತಿದ್ದವರು. ವೈವಾ ಆದ ಮರುವಾರ ಅವರ ಹತ್ತಿರ ಕನ್ನಡ ಬೈಬಲ್ ಕೇಳಲು ಹೋದೆ. ಅವರದು ಸತ್ಯವೇದ, ಕಪ್ಪು ರಟ್ಟು, ಜಿಪ್ ಇರುವ ಕವರು. ಪುಟದ ಅಂಚಿನ ಕೆಂಪು ಬಣ್ಣ ಬೆರಳು ತಾಗಿ ತಾಗಿ ಮಾಸಿತ್ತು. "ಕೊಡ್ತೀನಿ ಕಣಮ್ಮ, ಮೊದಲು ಇಲ್ಲಿ ಕೂತ್ಕೊ" ಅಂದು ಹಾಗರಳ ಕಥೆ ತಾವೇ ಓದಿದರು.

ಅಬ್ರಹಾಮನ ಹೆಂಡತಿ ಸಾರಳಿಗೆ ಮಕ್ಕಳಿಲ್ಲ. ತನ್ನ ದಾಸಿ, ಐಗುಪ್ತದ (ಈಜಿಪ್ಟಿನ) ಹಾಗರಳನ್ನು ಗಂಡನಿಗೆ ಕೊಡುತ್ತಾಳೆ. ಹಾಗರಳಿಗೆ ಇಷ್ಮಾಯೇಲ ಹುಟ್ಟುತ್ತಾನೆ. ಆಮೇಲೆ ಮುದಿ ವಯಸ್ಸಿನಲ್ಲಿ ಸಾರಳಿಗೂ ಒಬ್ಬ ಮಗ. ಈಗ ದಾಸಿಯ ಮಗ ಬೇಡ. ಅಬ್ರಹಾಮ ಬೆಳಿಗ್ಗೆ ಎದ್ದು ರೊಟ್ಟಿ ಮತ್ತು ಒಂದು ತಿತ್ತಿ ನೀರು ಕೊಟ್ಟು ತಾಯಿ ಮಗ ಇಬ್ಬರನ್ನೂ ಕಳಿಸಿಬಿಡುತ್ತಾನೆ. ಮರಳುಗಾಡಿನಲ್ಲಿ ನೀರು ಮುಗಿಯುತ್ತದೆ. ಹಾಗರ ಮಗನನ್ನು ಒಂದು ಪೊದೆಯ ಕೆಳಗೆ ಬಿಟ್ಟು, ಬಾಣ ಬಿಟ್ಟರೆ ಹೋಗುವಷ್ಟು ದೂರ ಹೋಗಿ ಕೂರುತ್ತಾಳೆ. ಮಗ ಸಾಯುವುದನ್ನು ನೋಡಲಾರೆ ಅಂತ. ಕೂತು ಗಟ್ಟಿಯಾಗಿ ಅಳುತ್ತಾಳೆ.

ಆಂಟಿ ಅಲ್ಲಿ ಬೆರಳಿಟ್ಟರು. "ನೋಡು, ಅತ್ತಿದ್ದು ತಾಯಿ. ದೇವರು ಕೇಳಿದ್ದು ಮಗನ ದನಿ ಅಂತ ಬರೆದಿದೆ. ಆ ಹುಡುಗ ಬಾಯಿ ಬಿಟ್ಟ ಅಂತ ಎಲ್ಲೂ ಇಲ್ಲ."

ನಾನು ಎರಡು ಸಲ ಓದಿದೆ. ನಿಜ. ಮುಂದೆ ಹಾಗರಳ ಕಣ್ಣಿಗೆ ಬಾವಿ ಕಾಣುತ್ತದೆ, ತಿತ್ತಿ ತುಂಬಿಸಿ ಮಗನಿಗೆ ಕುಡಿಸುತ್ತಾಳೆ. ಹುಡುಗ ಅದೇ ಮರಳುಗಾಡಿನಲ್ಲಿ ಬೆಳೆದು ಬಿಲ್ಲುಗಾರನಾಗುತ್ತಾನೆ. ತಾಯಿ ದೂರವನ್ನು ಬಾಣದಿಂದ ಅಳೆದಿದ್ದಳಲ್ಲ, ಆ ಬಾಣ ಈಗ ಮಗನ ಕೈಯಲ್ಲಿ. ಇದನ್ನು ಯಾವ ಕೈಪಿಡಿ ಕೊಡುತ್ತದೆ ಹೇಳಿ? ಅವತ್ತು ಸಂಜೆ ಅವರ ಮನೆಯ ಜಗಲಿಯ ಮೇಲೆ ಕೂತು ನಾನು ಅತ್ತಿದ್ದೇನೆ. ಕೆಲಸ ಹೋಗಿದ್ದಕ್ಕಲ್ಲ. ಇಷ್ಟು ದೊಡ್ಡ ಕಥೆಯನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದೆನಲ್ಲ ಅಂತ.

ಈಗ ಮೋಬಿ ಡಿಕ್‌ನ ಕೊನೆಯ ಪುಟಕ್ಕೆ ಬನ್ನಿ. ಹಡಗು ಮುಳುಗಿ ಎಲ್ಲರೂ ಸತ್ತಿದ್ದಾರೆ. ಇಷ್ಮಾಯೇಲ ಮಾತ್ರ ಸ್ನೇಹಿತನ ಶವಪೆಟ್ಟಿಗೆ ಹಿಡಿದು ಒಂದು ಹಗಲು ಒಂದು ರಾತ್ರಿ ತೇಲುತ್ತಾನೆ. ಶಾರ್ಕ್‌ಗಳು ಬಾಯಿಗೆ ಬೀಗ ಹಾಕಿದ ಹಾಗೆ ಪಕ್ಕದಲ್ಲೇ ಹಾದುಹೋಗುತ್ತವೆ. (ಬೈಬಲಿನಲ್ಲಿ ದಾನಿಯೇಲನನ್ನು ಸಿಂಹಗಳ ಗುಹೆಗೆ ಹಾಕಿದಾಗ ದೇವದೂತ ಅವುಗಳ ಬಾಯಿ ಮುಚ್ಚುತ್ತಾನೆ. ಅದನ್ನು ಓದಿದ್ದವರಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ.) ಕೊನೆಗೆ ಅವನನ್ನು ಎತ್ತಿಕೊಳ್ಳುವ ಹಡಗಿನ ಹೆಸರು ರಾಹೇಲ. ಅದರ ಕ್ಯಾಪ್ಟನ್ ಕಳೆದುಹೋದ ತನ್ನ ಹನ್ನೆರಡು ವರ್ಷದ ಮಗನನ್ನು ಹುಡುಕುತ್ತಿದ್ದ. ಹುಡುಕಲು ಜೊತೆಗೆ ಬಾ ಅಂತ ಅಹಾಬನನ್ನು ಬೇಡಿಕೊಂಡಿದ್ದ, ಅಹಾಬ ಒಪ್ಪಿರಲಿಲ್ಲ. ತನ್ನ ಮಕ್ಕಳನ್ನು ಹುಡುಕುವ ರಾಹೇಲಳಿಗೆ ಸಿಕ್ಕಿದ್ದು ಬೇರೆಯವರ ತಬ್ಬಲಿ. ಮೆಲ್ವಿಲ್ ಮುಗಿಸುವ ಪದವೇ 'ತಬ್ಬಲಿ'. ಹೊರಗೆ ಹಾಕಿಸಿಕೊಂಡವನೂ ಅವನೇ, ಉಳಿದವನೂ ಅವನೇ. ಮರಳುಗಾಡಿನ ಬಾವಿ ಇಲ್ಲಿ ಸಮುದ್ರದ ನಡುವೆ ಬಂದಿದೆ.

ಹಾಗಾದರೆ ಮೆಲ್ವಿಲ್ ದೇವರು ಕೇಳುತ್ತಾನೆ ಅಂತ ಹೇಳುತ್ತಿದ್ದಾನಾ? ಹಾಗೂ ಅಲ್ಲ. ಆ ಸಮುದ್ರ ಯಾರನ್ನೂ ಲೆಕ್ಕಿಸುವುದಿಲ್ಲ. ಆ ಹೆಸರಿಗೂ ಆ ಸಮುದ್ರಕ್ಕೂ ನಡುವಿನ ಜಗ್ಗಾಟವೇ ಕಾದಂಬರಿ ಅಂತ ನಾನು ಎರಡನೇ ಸಲ ಬರೆದೆ. ನೀವು ನನ್ನ ಮೊದಲ ವಾದಕ್ಕೂ ಹೋಗಬಹುದು, ತಪ್ಪೇನಿಲ್ಲ. ಆದರೆ ಹೆಸರಿನ ಅರ್ಥ ಗೊತ್ತಿದ್ದು ಹೋಗಬೇಕು.

ಇನ್ನೊಂದು ವಿಷಯ. 1851ರ ಅಕ್ಟೋಬರಿನಲ್ಲಿ ಈ ಕಾದಂಬರಿ ಮೊದಲು ಲಂಡನ್ನಿನಲ್ಲಿ ಬಂದಾಗ ಅದರಲ್ಲಿ ಉಪಸಂಹಾರವೇ ಇರಲಿಲ್ಲ, ಬಿಟ್ಟುಹೋಗಿತ್ತು. ಕಥೆ ಹೇಳುವವನೂ ಮುಳುಗಿದ ಮೇಲೆ ಹೇಳಿದ್ದು ಯಾರು ಅಂತ ಅಲ್ಲಿನ ವಿಮರ್ಶಕರು ಆಕ್ಷೇಪ ಮಾಡಿದರು. ಕೊನೆಯ ಒಂದು ಪುಟ ಇಲ್ಲದಿದ್ದಕ್ಕೆ ಇಷ್ಮಾಯೇಲ ಸತ್ತೇ ಹೋದ. ನನ್ನ ಕಾರ್ಡು ಅವನಿಗೆ ಮಾಡಿದ್ದೂ ಅದನ್ನೇ.

ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಮಾತು ಇನ್ನೊಂದಿದೆ. "ಕ್ರೈಸ್ತಳಲ್ಲದ್ದರಿಂದ ನಾನು ಹಿಂದೆ ಬಿದ್ದಿದ್ದೇನೆ" ಅಂದಿದ್ದೀರಿ. ಇಲ್ಲ. ಕಥೆಗಳ ಜೊತೆ ಬದುಕುವುದು ನಮಗೆ ಗೊತ್ತು. ಹೊರಗಿನವರೊಬ್ಬರು 'ಕರ್ಣ: ದಾನಶೂರ, ಸೂತನ ಮನೆಯಲ್ಲಿ ಬೆಳೆದವನು' ಅಂತ ಕಾರ್ಡ್ ಮಾಡಿಕೊಂಡು ಪಂಪನನ್ನು ಓದಲು ಕೂತರು ಅನ್ನಿ. "ನೆನೆವೊಡೆ ಕರ್ಣನಂ ನೆನೆಯ" ಅನ್ನುವಲ್ಲಿ ಅವರಿಗೆ ಏನು ಕೇಳಿಸುತ್ತದೆ? ನಿಮಗೆ ಕುಂತಿ ಬಂದು ನಿಂತಿದ್ದು, ಕವಚ ಕೊಟ್ಟಿದ್ದು, ರಥದ ಗಾಲಿ ಹೂತದ್ದು ಎಲ್ಲ ಒಟ್ಟಿಗೆ ಎದೆಗೆ ಬರುತ್ತದೆ. ಅದನ್ನು ಯಾವುದೋ ಪಟ್ಟಿಯಿಂದ ಕಲಿತಿರಾ? ಅಜ್ಜಿ ಹೇಳಿದ್ದು, ಯಕ್ಷಗಾನ ನೋಡಿದ್ದು, ಹರಿಕಥೆ ಕೇಳಿದ್ದು. ಬೈಬಲನ್ನೂ ಹಾಗೇ ಒಳಗೆ ಬಿಟ್ಟುಕೊಳ್ಳಿ. ನಂಬಬೇಕಾಗಿಲ್ಲ. ಮನೆಯವರಿಗೆ ಹೇಳಿಕೊಳ್ಳಲು ಮುಜುಗರ ಅಂತಲೂ ಬರೆದಿದ್ದೀರಿ. ನಮ್ಮ ಅಮ್ಮ ದಿನಾ ಪೂಜೆ ಮಾಡುವವರು. ಹಾಗರಳ ಕಥೆ ಹೇಳಿದಾಗ "ಪಾಪ, ಆ ಹೆಣ್ಣು" ಅಂದರು, ಮುಂದೇನಾಯ್ತು ಅಂತ ಕೇಳಿದರು. ಅಷ್ಟೇ.

ಯಾವ ಅನುವಾದ ಅನ್ನುವುದಕ್ಕೆ ನನ್ನ ಉತ್ತರ: ಮೊದಲು ಕನ್ನಡದ ಸತ್ಯವೇದ. ಕಥೆ ನಮ್ಮ ಭಾಷೆಯಲ್ಲಿ ಒಳಗೆ ಇಳಿಯಲಿ. ಆಮೇಲೆ 1611ರ ಇಂಗ್ಲಿಷ್ ಅನುವಾದ, ಕಿಂಗ್ ಜೇಮ್ಸ್ ಬೈಬಲ್. ಈಗಿನ ಸುಲಭ ಇಂಗ್ಲಿಷಿನ ಬೈಬಲ್‌ಗಳು ನಿಮ್ಮ ಕೆಲಸಕ್ಕೆ ಆಗುವುದಿಲ್ಲ. ಮೆಲ್ವಿಲ್‌ಗೆ, ಲಿಂಕನ್‌ಗೆ ಕಿವಿಯಲ್ಲಿ ಇದ್ದದ್ದು ಕಿಂಗ್ ಜೇಮ್ಸ್‌ನ ಲಯ. ಅದರ ಬಹಳಷ್ಟು ಮಾತು ಅದಕ್ಕೂ ಮೊದಲು ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ಕೂಡಿಸಿದ್ದು. ಅವನನ್ನು 1536ರಲ್ಲಿ ಕೊಂದರು. 'ಸ್ಕೇಪ್‌ಗೋಟ್' ಅನ್ನುವ ಪದವೇ ಅವನ ಸೃಷ್ಟಿ. ನಾವು ಅದನ್ನು ಸುಮ್ನೆ 'ಬಲಿಪಶು' ಅಂತ ಅನುವಾದ ಮಾಡಿಬಿಡುತ್ತೇವೆ. ಯಾಜಕಕಾಂಡದ 16ನೇ ಅಧ್ಯಾಯ ನೋಡಿ: ಅಲ್ಲಿ ಎರಡು ಆಡುಗಳಿವೆ. ಬಲಿಯಾಗುವುದು ಒಂದು. ಜನರ ಪಾಪ ಹೊತ್ತ ಇನ್ನೊಂದನ್ನು ಜೀವಂತ ಮರಳುಗಾಡಿಗೆ ಅಟ್ಟುತ್ತಾರೆ. ಇಂಗ್ಲಿಷ್ ಪದ ಹುಟ್ಟಿದ್ದು ಆ ಎರಡನೆಯದಕ್ಕೆ.

ಒಂದು ಪದ ಎಷ್ಟು ದೂರ ಹೋಗುತ್ತದೆ ಅಂತ ನೋಡಬೇಕಾದರೆ ಮೈಕೆಲೆಂಜೆಲೋನ ಮೋಶೆಯ ಶಿಲ್ಪದ ಫೋಟೋ ತೆಗೆಯಿರಿ. ರೋಮ್‌ನ ಸಾನ್ ಪಿಯೆತ್ರೊ ಇನ್ ವಿಂಕೋಲಿ ಚರ್ಚಿನಲ್ಲಿದೆ. ತಲೆಯ ಮೇಲೆ ಎರಡು ಕೊಂಬು. ದೇವರ ಹತ್ತಿರ ಮಾತಾಡಿ ಬೆಟ್ಟ ಇಳಿದು ಬಂದ ಮೋಶೆಯ ಮುಖ ಹೊಳೆಯುತ್ತಿತ್ತು ಅನ್ನುವ ಜಾಗದಲ್ಲಿರುವ ಹೀಬ್ರೂ ಕ್ರಿಯಾಪದ 'ಕೊಂಬು' ಅನ್ನುವ ಪದದ ಬಳಗದ್ದು. ಜೆರೋಮ್ ಲ್ಯಾಟಿನ್‌ಗೆ ತರುವಾಗ 'ಕೊಂಬಿನ' ಅಂತ ಬರೆದ. ಸಾವಿರ ವರ್ಷ ದಾಟಿದ ಮೇಲೂ ಅದು ಅಮೃತಶಿಲೆಯಲ್ಲಿ ಕೂತಿದೆ. ನಿಮಗೆ ಚಿತ್ರಕಲೆಯ ಪೇಪರ್ ಕೂಡ ಇದೆ ಅಂದಿದ್ದಕ್ಕೆ ಹೇಳಿದೆ.

ಟೈಮ್ ಇಲ್ಲ ಅಂದಿರಿ. ಇಡೀ ಬೈಬಲ್ ಈ ಸೆಮಿಸ್ಟರ್‌ನಲ್ಲೇ ಮುಗಿಸಿ ಅಂತ ನಾನು ಹೇಳುತ್ತಿಲ್ಲ. ಕಡಿಮೆ ಓದಿ, ಆದರೆ ಓದಿದ್ದನ್ನು ಮೊದಲಿಂದ ಕೊನೆವರೆಗೆ ಓದಿ. ಆದಿಕಾಂಡ ಪೂರ್ತಿ. ಆಮೇಲೆ ಅರಸುಗಳ ಮೊದಲನೇ ಗ್ರಂಥದಲ್ಲಿ 16ರಿಂದ 22. ಅಲ್ಲಿ ಅಹಾಬ ಬರೀ 'ದುಷ್ಟ ರಾಜ' ಅಲ್ಲ. ಬಯಸಿದ ದ್ರಾಕ್ಷಿತೋಟ ಸಿಗಲಿಲ್ಲ ಅಂತ ಊಟ ಬಿಟ್ಟು ಮುಖ ತಿರುಗಿಸಿಕೊಂಡು ಮಲಗುವವನು. ನಾನೂರು ಪ್ರವಾದಿಗಳು ಗೆಲ್ಲುತ್ತೀಯ ಅಂದರೆ ನಂಬಿ, ನಿಜ ಹೇಳಿದ ಒಬ್ಬನನ್ನು ಸೆರೆಗೆ ಹಾಕಿಸಿ ಯುದ್ಧಕ್ಕೆ ಹೋಗುವವನು. ಆ ಅಧ್ಯಾಯಗಳನ್ನು ಓದಿ ಮೆಲ್ವಿಲ್‌ಗೆ ವಾಪಸ್ ಬಂದರೆ ಆ ಕ್ಯಾಪ್ಟನ್ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ.

ಇವತ್ತು ರಾತ್ರಿ ಶುರು ಮಾಡುವುದಾದರೆ ಯೋನನ ಪುಸ್ತಕ ತೆಗೆಯಿರಿ. ನಾಲ್ಕೇ ಅಧ್ಯಾಯ, 48 ವಚನ, ಅರ್ಧ ಗಂಟೆಯೂ ಬೇಡ. ಅದಾದ ತಕ್ಷಣ ಮೋಬಿ ಡಿಕ್‌ನ 9ನೇ ಅಧ್ಯಾಯ ಓದಿ. ಅಲ್ಲಿ ಫಾದರ್ ಮ್ಯಾಪಲ್ ನಾವಿಕರಿಗೆ ಯೋನನ ಕಥೆಯನ್ನೇ ಉಪದೇಶ ಮಾಡುತ್ತಾನೆ. ಯೋನ ಓಡಿಹೋಗಿದ್ದು, ಬಿರುಗಾಳಿ, ಮೀನು, ಮತ್ತೆ ಬಂದ ಅಪ್ಪಣೆ, ಎಲ್ಲ ಹೇಳುತ್ತಾನೆ. ನಾಲ್ಕನೇ ಅಧ್ಯಾಯ ಮಾತ್ರ ಮುಟ್ಟುವುದಿಲ್ಲ. ಶತ್ರುಗಳ ಊರು ಉಳಿಯಿತು ಅಂತ ಯೋನ ಸಿಟ್ಟಾಗುವುದು, ನೆರಳು ಕೊಟ್ಟ ಗಿಡ ಒಣಗುವುದು, ಎಡಗೈ ಬಲಗೈ ತಿಳಿಯದ 1,20,000 ಜನರಿಗೆ, ಅಷ್ಟೊಂದು ದನಗಳಿಗೆ ನಾನು ಮರುಕಪಡಬಾರದಾ ಅಂತ ದೇವರು ಕೇಳುವುದು. ಆ ಪುಸ್ತಕ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ. ಸೇಡು ತೀರಿಸಿಕೊಳ್ಳಲು ಹೊರಡುವ ಹಡಗಿನ ಕಥೆಯಲ್ಲಿ, ಹೊರಡುವ ಮೊದಲು ನಡೆಯುವ ಉಪದೇಶದಲ್ಲಿ, ಆ ಒಂದು ಅಧ್ಯಾಯ ಯಾಕಿಲ್ಲ? ನಿಮಗೆ ಏನನ್ನಿಸಿತು ಅಂತ ಓದಿದ ಮೇಲೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.