ರೇಸ್ ಫೋಟೋದಲ್ಲಿ ಬೈಕು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗೆ ಕಾಣೋದು ಯಾಕೆ?

ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ 70-300 ಎಂಎಂ ಜೂಮ್ ಲೆನ್ಸಿನಿಂದ 1/1000 ಶಟರಿನಲ್ಲಿ (ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ) ತೆಗೆದರೆ ಬೈಕು ನಿಂತ ಹಾಗೆ ಬರುತ್ತದೆ, 1/60ಕ್ಕೆ ಇಳಿಸಿದರೆ ಎಲ್ಲಾ ಕಲಸಿಹೋಗುತ್ತದೆ, ಲೆನ್ಸ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ, ದುಡ್ಡು ಉಳಿಸಿ. ಇದು ಲೆನ್ಸಿನ ತಪ್ಪಲ್ಲ.

ಸಣ್ಣ ಲೆಕ್ಕ ನೋಡಿ. ರೇಸ್ ಬೈಕಿನ 17 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 28 ಮೀಟರ್, 14 ಸುತ್ತು. 1/1000ರಲ್ಲಿ ಚಕ್ರ ತಿರುಗುವುದು ಬರೀ 5 ಡಿಗ್ರಿ. ಅಲಾಯ್ ಕಡ್ಡಿಗಳನ್ನು ಕೂತು ಎಣಿಸಬಹುದು. 1/125ರಲ್ಲಿ 40 ಡಿಗ್ರಿ ತಿರುಗಿ ಕಡ್ಡಿ ಕರಗುತ್ತದೆ, ಬೈಕು 22 ಸೆಂ.ಮೀ. ಮುಂದೆ ಹೋಗಿರುತ್ತದೆ. ಅಷ್ಟು ಹೊತ್ತು ಕ್ಯಾಮೆರಾ ಬೈಕಿನ ಜೊತೆಗೇ ತಿರುಗಿದರೆ ಬೈಕು ಶಾರ್ಪ್, ಹಿನ್ನೆಲೆ ಗೀಟು ಗೀಟು. ಪ್ಯಾನಿಂಗ್ ಅಂದರೆ ಇಷ್ಟೇ.

ನೇರ 1/60ಕ್ಕೆ ಹಾರಬೇಡಿ. ಶಟರ್ ವೇಗ ನೀವಿಟ್ಟು ಉಳಿದದ್ದನ್ನು ಕ್ಯಾಮೆರಾಕ್ಕೆ ಬಿಡುವ ಶಟರ್ ಪ್ರಯಾರಿಟಿಯಲ್ಲಿ 1/250ರಿಂದ ಶುರು ಮಾಡಿ. ಇಪ್ಪತ್ತರಲ್ಲಿ ಹತ್ತಾದರೂ ಕೈಗೆ ಬಂದರೆ 1/160, ಆಮೇಲೆ 1/125. ನಿಧಾನದ ತಿರುವಿನಲ್ಲಿ ಬೈಕಿನ ವೇಗ ಗಂಟೆಗೆ 60 ಕಿ.ಮೀ.ಗೆ ಇಳಿದಿರುತ್ತದೆ, ಅಲ್ಲಿ ಇದೇ ಪರಿಣಾಮಕ್ಕೆ 1/80 ಬೇಕು. 1/60ರಲ್ಲಿ ನುರಿತವರದ್ದೂ ಹತ್ತಕ್ಕೆ ಒಂದೆರಡೇ ಉಳಿಯುವುದು, ಬೇಜಾರು ಬೇಡ.

ಹೆಚ್ಚಿನವರು ಎಡವುವುದು ಕಾಲಿನಲ್ಲಿ. ಪಾದ ಊರಬೇಕಾದ್ದು ಕ್ಲಿಕ್ ಮಾಡುವ ಜಾಗದ ಕಡೆಗೆ, ಬೈಕು ಬರುವ ಕಡೆಗಲ್ಲ. ಸೊಂಟದಿಂದ ಮೇಲಷ್ಟೇ ತಿರುಗಿಸಿ ದೂರದಲ್ಲೇ ಬೈಕನ್ನು ಹಿಡಿಯಿರಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಅದರ ಜೊತೆ ತಿರುಗುತ್ತಾ ಬನ್ನಿ. ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಬೌಲರ್ ಚೆಂಡು ಬಿಟ್ಟ ತಕ್ಷಣ ನಿಲ್ಲುತ್ತಾನೆಯೇ? ಬಟನ್ ಒತ್ತುವಾಗ ಕೈ ಗಕ್ಕನೆ ನಿಲ್ಲುವುದೇ ನಿಮ್ಮ 1/60ರ ಕಲಸುಮೇಲೋಗರ.

ಫೋಕಸ್ ಎಐ ಸರ್ವೊ (ಕ್ಯಾನನ್) ಅಥವಾ ಎಎಫ್-ಸಿ (ನಿಕಾನ್), ಅಂದರೆ ಚಲಿಸುವುದನ್ನು ಬೆನ್ನಟ್ಟುವ ಮೋಡಿನಲ್ಲಿರಲಿ, ನಡುವಿನ ಒಂದೇ ಪಾಯಿಂಟ್. ಅದನ್ನು ಹೆಲ್ಮೆಟ್ಟಿನ ಹೊಳೆಯುವ ಗಾಜಿನ ಮೇಲಲ್ಲ, ಫೇರಿಂಗಿನ (ಬೈಕಿನ ಹೊರಕವಚದ) ನಂಬರಿನ ಮೇಲಿಡಿ. ಕಪ್ಪು-ಬಿಳುಪಿನ ಅಂಚು ಬೇಗ ಸಿಗುತ್ತದೆ. ಕ್ಲಿಕ್ಕಿಗೆ ಒಂದೆರಡು ಸೆಕೆಂಡ್ ಮೊದಲೇ ಅರ್ಧ ಒತ್ತಿರಿ. ಕೈನಡುಕ ತಡೆಯುವ ಸ್ಟೆಬಿಲೈಸರ್ ಕ್ಯಾನನ್ ಲೆನ್ಸಿನಲ್ಲಿ ಮೋಡ್ 2, ನಿಕಾನ್‌ನಲ್ಲಿ ಆಕ್ಟಿವ್ ಅಲ್ಲ, ನಾರ್ಮಲ್. ಅಂಥ ಸ್ವಿಚ್ಚೇ ಇಲ್ಲದಿದ್ದರೆ ಆಫ್ ಮಾಡಿಯೂ ಒಮ್ಮೆ ನೋಡಿ. ದೊಡ್ಡ ಗಾತ್ರದ ರಾ ಫೈಲಿನಲ್ಲಿ ಒಂದೇ ಸಮನೆ ಉದ್ದನೆಯ ಬರ್ಸ್ಟ್ ಹೊಡೆದರೆ ಸಣ್ಣ ಕ್ಯಾಮೆರಾದ ಬಫರ್ (ತಾತ್ಕಾಲಿಕ ಮೆಮೊರಿ) ತುಂಬಿ, ಒಳ್ಳೆಯ ಕ್ಷಣದಲ್ಲೇ ಕೈಕೊಡುತ್ತದೆ. ಮೂರು-ನಾಲ್ಕು ಫ್ರೇಮ್ ಸಾಕು.

ಮಟಮಟ ಮಧ್ಯಾಹ್ನ ಇನ್ನೊಂದು ಪೇಚು. ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 100, 1/125 ಇಟ್ಟರೆ ಕ್ಯಾಮೆರಾ ಲೆನ್ಸಿನ ಕಿಂಡಿಯನ್ನು ಕಿರಿದಾಗಿಸಿ ತಾನಾಗಿ ಎಫ್ 16ರ ಹತ್ತಿರ ಹೋಗುತ್ತದೆ. ಆಗ ಸೆನ್ಸರಿನ ಧೂಳಿನ ಚುಕ್ಕಿಗಳೆಲ್ಲ ಆಕಾಶದಲ್ಲಿ ಮೂಡುತ್ತವೆ, ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಮುಂದಿನ ತಂತಿಬೇಲಿಯ ಬಲೆ ಕೂಡ ಕಾಣತೊಡಗುತ್ತದೆ. ಬೆಳಕನ್ನು ಎಂಟರಲ್ಲೊಂದು ಪಾಲಿಗೆ ತಗ್ಗಿಸುವ ಎನ್‌ಡಿ 8 ಫಿಲ್ಟರ್ ಹಾಕಿದರೆ ಕಿಂಡಿ ಅಗಲವಾಗಿ ಎಫ್ 5.6ಕ್ಕೆ ಬರುತ್ತೀರಿ, ಲೆನ್ಸನ್ನು ಬೇಲಿಗೆ ತಾಗಿಸಿ ಹಿಡಿದರೆ ತಂತಿ ಮಾಯ. ಬಿಸಿಲು ನೇರವಾಗಿ ಬಿದ್ದಿರುವ ತಂತಿಯ ಹಿಂದೆ ಮಾತ್ರ ನಿಲ್ಲಬೇಡಿ, ಚಿತ್ರದ ಮೇಲೆ ಬೂದು ಮಸುಕು ಕೂರುತ್ತದೆ.

ಬೈಕಿನ ಮುಂಭಾಗ ಶಾರ್ಪ್, ಹಿಂಭಾಗ ಮಸುಕು ಬಂದರೆ ಕೈಯ ತಪ್ಪೇ ಆಗಿರಬೇಕಿಲ್ಲ. ನೇರ ದಾರಿಯಲ್ಲಿ ಬೈಕು ನಿಮ್ಮನ್ನು ಸಮೀಪಿಸಿ ದೂರವಾಗುವಾಗ ಅದರ ಒಂದೊಂದು ಭಾಗ ಒಂದೊಂದು ದರದಲ್ಲಿ ಕೋನ ಬದಲಿಸುತ್ತದೆ. ಪ್ರೇಕ್ಷಕರ ಜಾಗದಲ್ಲೇ ಉದ್ದನೆಯ ತಿರುವಿನ ಒಳಬದಿ ಸಿಕ್ಕರೆ ಬಿಡಬೇಡಿ: ಅಲ್ಲಿ ಬೈಕಿನ ದೂರ ಹೆಚ್ಚೂಕಡಿಮೆ ಒಂದೇ ಇರುವುದರಿಂದ ಫೋಕಸ್ಸಿಗೂ ಕೈಗೂ ಕೆಲಸ ಹಗುರ.

ಎದುರಿಗೆ ಬರುವ ಬೈಕು, ಮೋಟೊಕ್ರಾಸ್ ಜಿಗಿತ, ಎರಚುವ ಕೆಸರು, ಇವಕ್ಕೆಲ್ಲ 1/1000 ಸರಿ. ಗಾಳಿಯಲ್ಲಿರುವ ಬೈಕನ್ನು ಯಾರೂ ನಿಂತಿದೆ ಅನ್ನುವುದಿಲ್ಲ.

ಅಭ್ಯಾಸಕ್ಕೆ ಇರುಂಗಾಟ್ಟುಕೋಟೈವರೆಗೆ ಹೋಗಬೇಕಿಲ್ಲ. ಮನೆ ಹತ್ತಿರದ ಫುಟ್‌ಪಾತಿನಲ್ಲಿ ನಿಂತು 40ರಲ್ಲಿ ಹೋಗುವ ಆಟೋಗಳಿಗೆ 1/50 ಇಡಿ. 100ರ ಬೈಕಿಗೆ 1/125 ಇಟ್ಟಷ್ಟೇ ಲೆಕ್ಕ.