ಪಾರ್ಟಿಷನ್ ಫಂಕ್ಷನ್‌ಗೆ ಮೊದಲು ಎಣಿಕೆ

ಪ್ರಶ್ನೆ: ಪದವಿಯ ಕೊನೆಯ ವರ್ಷದಲ್ಲಿ ಭೌತವಿಜ್ಞಾನ ಓದುತ್ತಿದ್ದೇನೆ. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನಲ್ಲಿ ಪಾರ್ಟಿಷನ್ ಫಂಕ್ಷನ್ (ಎಲ್ಲ ಸ್ಥಿತಿಗಳಿಗೂ ತೂಕ ಕೊಟ್ಟು ಕೂಡಿದ ಮೊತ್ತ) ಬರೆದು ಲೆಕ್ಕ ಬಿಡಿಸಬಲ್ಲೆ. ಆದರೆ ಎಂಟ್ರೊಪಿಯಲ್ಲಿ, ಅಂದರೆ ವ್ಯವಸ್ಥೆ ಎಷ್ಟು ರೀತಿಗಳಲ್ಲಿ ಇರಬಹುದೆಂಬುದರ ಅಳತೆಯಲ್ಲಿ, ಲಾಗರಿದಮ್ ಏಕೆ ಬಂತು, ತಾಪಮಾನ ಎಲ್ಲಿಂದ ಹುಟ್ಟಿತು ಎಂಬುದು ತಿಳಿಯುತ್ತಿಲ್ಲ. ಹೇಗೆ ಓದಲಿ?

ಉತ್ತರ: ನಿಮ್ಮ ತೊಡಕಿಗೆ ಕಾರಣ ಗಣಿತದ ಕೊರತೆಯಲ್ಲ, ಕಲಿಕೆಯ ಅನುಕ್ರಮ. ಪಾರ್ಟಿಷನ್ ಫಂಕ್ಷನ್ ನಡುವೆ ಬರಬೇಕಾದ ಸಾಧನ. ಅದನ್ನು ಕೆಲವು ದಿನ ಬದಿಗಿಟ್ಟು, ಕಾಗದದ ಮೇಲೆಯೇ ಎಣಿಸಿ ಮುಗಿಸಬಹುದಾದಷ್ಟು ಚಿಕ್ಕ ವ್ಯವಸ್ಥೆಯೊಂದನ್ನು ಆರಿಸಿಕೊಳ್ಳಿ.

ಎರಡು ಆಂದೋಲಕಗಳಿರುವ (ಕಂಪಿಸುತ್ತ ಶಕ್ತಿ ಹಿಡಿದಿಡುವ ಘಟಕಗಳಿರುವ) ಒಂದು ವಸ್ತು, ನಾಲ್ಕು ಆಂದೋಲಕಗಳಿರುವ ಇನ್ನೊಂದು ವಸ್ತು, ಇವೆರಡಕ್ಕೂ ಸೇರಿ ಸಮಪ್ರಮಾಣದ 6 ಒಡೆಯದ ಶಕ್ತಿ ತುಣುಕುಗಳು, ಅಂದರೆ ಶಕ್ತಿ ಕ್ವಾಂಟಮ್‌ಗಳು ಇವೆಯೆನ್ನೋಣ. ಹಂಚುವ ರೀತಿಗಳು ಒಟ್ಟು 462, ಎಲ್ಲವೂ ಸಮಾನ ಸಂಭವನೀಯವೆಂಬುದೇ ಇಲ್ಲಿಯ ಮೂಲ ಊಹೆ. ಮೊದಲ ವಸ್ತುವಿಗೆ ಏನೂ ಸಿಗದ ರೀತಿಗಳು 84, ಒಂದು ಸಿಗುವವು 112, ಎರಡು ಸಿಗುವವು 105; ಆರೂ ಅದಕ್ಕೇ ಸೇರುವ ರೀತಿಗಳು ಕೇವಲ 7. ಎಲ್ಲ ಶಕ್ತಿಯೂ ಒಂದೆಡೆ ಸೇರುವುದಕ್ಕೆ ನಿಷೇಧವೇನಿಲ್ಲ, ಅದು ಅಪರೂಪ ಅಷ್ಟೆ. ಮೊದಲ ವಸ್ತುವಿನ ಸರಾಸರಿ ಪಾಲು ಸರಿಯಾಗಿ 2 ಆಗಿದ್ದರೂ ಅತಿ ಹೆಚ್ಚು ರೀತಿಗಳಿರುವುದು 1ಕ್ಕೆ. ಎಣಿಕೆ ತಪ್ಪಿತೆಂದು ಗಾಬರಿಯಾಗಬೇಡಿ: ಇದು ವ್ಯವಸ್ಥೆ ಚಿಕ್ಕದಾಗಿರುವುದರ ಪರಿಣಾಮ, ಆಂದೋಲಕಗಳೂ ಶಕ್ತಿಯೂ ಹೆಚ್ಚಿದಂತೆ ಪಾಲಿನ ಗಾತ್ರದೆದುರು ಈ ಅಂತರ ನಗಣ್ಯವಾಗುತ್ತದೆ.

ಈಗ ಲಾಗರಿದಮ್‌ಗೆ ಬನ್ನಿ. ಆ 112 ಬಂದದ್ದು, ಒಂದು ಕ್ವಾಂಟಮ್ ಮೊದಲ ವಸ್ತುವಿನಲ್ಲಿ ಕೂರುವ 2 ರೀತಿಗಳು ಮತ್ತು ಉಳಿದ ಐದು ಎರಡನೆಯದರಲ್ಲಿ ಕೂರುವ 56 ರೀತಿಗಳ ಗುಣಲಬ್ಧವಾಗಿ. ರೀತಿಗಳು ಗುಣಿಸಲ್ಪಡುತ್ತವೆ, ಎಂಟ್ರೊಪಿಯಾದರೋ ಕೂಡಿಕೊಳ್ಳಬೇಕು. ಗುಣಾಕಾರವನ್ನು ಸಂಕಲನವಾಗಿಸುವುದು ಲಾಗರಿದಮ್. 1.380649×10⁻²³ ಜೂಲ್ ಪ್ರತಿ ಕೆಲ್ವಿನ್ ಎಂಬ ಬೋಲ್ಟ್ಸ್‌ಮನ್ ಸ್ಥಿರಾಂಕ ಅದಕ್ಕೆ ಏಕಮಾನ ತೊಡಿಸುತ್ತದೆ: ಎಂಟ್ರೊಪಿ ಎಂದರೆ ಈ ಸ್ಥಿರಾಂಕ ಮತ್ತು ರೀತಿಗಳ ಸಂಖ್ಯೆಯ ಲಾಗರಿದಮ್, ಇವೆರಡರ ಗುಣಲಬ್ಧ. (ವಿಯೆನ್ನಾದಲ್ಲಿ ಬೋಲ್ಟ್ಸ್‌ಮನ್ನರ ಸಮಾಧಿಯ ಮೇಲೆ ಈ ಸೂತ್ರವಿದೆ, ಆದರೆ ಅದನ್ನು ಆ ರೂಪದಲ್ಲಿ ಬರೆದವರು ಭೌತವಿಜ್ಞಾನಿ ಪ್ಲಾಂಕ್.)

ತಾಪಮಾನವೂ ಇದೇ ಎಣಿಕೆಯಲ್ಲಿ ಅಡಗಿದೆ. ಎಲ್ಲ ಶಕ್ತಿಯೂ ಎರಡನೆಯ ವಸ್ತುವಿನಲ್ಲಿದ್ದು, ಅಲ್ಲಿಂದ ಮೊದಲನೆಯದಕ್ಕೆ ಮೊದಲ ಕ್ವಾಂಟಮ್ ದಾಟಿದಾಗ ಪಡೆದ ವಸ್ತುವಿನ ರೀತಿಗಳು ಇಮ್ಮಡಿಯಾಗುತ್ತವೆ, ಕೊಟ್ಟದ್ದರವು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತವೆ, ಒಟ್ಟಿನಲ್ಲಿ ಲಾಭ. ಎರಡನೆಯದು ದಾಟಿದರೆ 1.5 ಮತ್ತು 0.625ರ ಗುಣಲಬ್ಧ ಒಂದಕ್ಕಿಂತ ಕಡಿಮೆ, ಅಂದರೆ ನಷ್ಟ. ದೊಡ್ಡ ವ್ಯವಸ್ಥೆಗಳಲ್ಲಿ ಈ ಲಾಭನಷ್ಟಗಳು ಸರಿದೂಗುವ ಬಿಂದುವೇ ಸಮತೋಲ, ಮತ್ತು ಅಲ್ಲಿ ಎರಡೂ ವಸ್ತುಗಳಿಗೆ ಸಮನಾಗುವ, ಶಕ್ತಿಯೊಡನೆ ಎಂಟ್ರೊಪಿ ಬದಲಾಗುವ ದರವೇ ತಾಪಮಾನದ ವಿಲೋಮ.

ಇದಾದ ಮೇಲೆ, ದೊಡ್ಡ ಸಂಖ್ಯೆಗಳ ಫ್ಯಾಕ್ಟೋರಿಯಲ್ ಅಂದಾಜಿಸುವ ಸ್ಟರ್ಲಿಂಗ್ ಸೂತ್ರ ಕಲಿತು, ಎರಡನೆಯ ವಸ್ತುವನ್ನು ಅತಿ ದೊಡ್ಡದಾಗಿಸಿ ನೋಡಿ. ಬೋಲ್ಟ್ಸ್‌ಮನ್ ಘಾತೀಯ ಗುಣಕ (ಶಕ್ತಿ ಹೆಚ್ಚಿದಂತೆ ಸ್ಥಿತಿಯ ಸಂಭವನೀಯತೆ ಇಳಿಯುವ ಪ್ರಮಾಣ) ತಾನಾಗಿ ಹೊರಬರುತ್ತದೆ, ಅದನ್ನು ಎಲ್ಲ ಸ್ಥಿತಿಗಳ ಮೇಲೆ ಕೂಡಿದರೆ ನೀವು ಬದಿಗಿಟ್ಟಿದ್ದ ಪಾರ್ಟಿಷನ್ ಫಂಕ್ಷನ್ ಸಿಗುತ್ತದೆ.