‘ಸೋರೆಲತೆ’ ಅಂತ ಯಾರೂ ಅನ್ನುವುದಿಲ್ಲ

ಪ್ರಶ್ನೆ: ಮಗಳ ಪಾಠದಲ್ಲಿ ‘ಲತೆ’ ಅಂತಿದೆ. ನಾನು ‘ಬಳ್ಳಿ’ ಅನ್ನುತ್ತೇನೆ. ಊರಿಂದ ಬಂದಿರುವ ಅತ್ತೆ ‘ಹಂಬು’ ಅಂತಾರೆ. ಮೂರೂ ಒಂದೇನಾ? ಇನ್ನೊಂದು: ಬಾಲ್ಕನಿಯಲ್ಲಿ ಹಾಗಲ ಹಾಕಿದ್ದೇನೆ. ಪಕ್ಕದಲ್ಲೇ ಪಿವಿಸಿ ಪೈಪ್ ನಿಲ್ಲಿಸಿದರೂ ಹತ್ತುತ್ತಿಲ್ಲ, ಸುಮ್ನೆ ನೆಲದ ಮೇಲೆ ಬಿದ್ದಿದೆ. ಯಾಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಾನು ನಿಮ್ಮ ಅತ್ತೆಯ ಪಕ್ಷ. ನಮ್ಮ ಮಲೆನಾಡಿನ ಮನೆಯಲ್ಲೂ ನೆಲದ ಮೇಲೆ ಹರಿದು ಹೋಗುವ ಸೌತೆ, ಕುಂಬಳಕ್ಕೆ ಹಂಬು ಅಂತಲೇ ಹೇಳುತ್ತಿದ್ದರು. ‘ಹಂಬು ತುಳೀಬೇಡ್ವೋ!’ ಅಂತ ಅಮ್ಮ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ‘ಹಬ್ಬು’ವಿನ ಪಕ್ಕ ಇಟ್ಟು ಹೇಳಿ ನೋಡಿ, ನಂಟು ಗೊತ್ತಾಗುತ್ತದೆ.

ಬಳ್ಳಿ ಎಲ್ಲಕ್ಕೂ ಸಲ್ಲುತ್ತದೆ. ತಮಿಳಿನ ‘ವಳ್ಳಿ’ಯೇ ನಮ್ಮಲ್ಲಿ ಬಳ್ಳಿ, ಅವರ ‘ವೇರ್’ ನಮಗೆ ಬೇರು ಆದ ಹಾಗೆ. ಹೊಕ್ಕುಳಿಗೂ ಕರುಳಿಗೂ ನಾವು ಬಳ್ಳಿಯನ್ನೇ ಅಂಟಿಸಿದ್ದೇವೆ. ಲತೆ ಸಂಸ್ಕೃತದ್ದು. ಪದ್ಯದಲ್ಲಿ, ಹುಡುಗಿಯರ ಹೆಸರಲ್ಲಿ ಚೆಂದ. ತರಕಾರಿಗೆ ಮಾತ್ರ ಒಗ್ಗಲಿಲ್ಲ. ‘ಸೋರೆಲತೆ’ ಅಂದರೆ ನಗು ಬರುತ್ತೆ ಅಲ್ವಾ?

ಈಗ ಹಾಗಲ. ತಪ್ಪು ಪೈಪಿನದು. ಕಾಳುಮೆಣಸು ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಹಾಲುವಾಣದ ತೊಗಟೆಗೆ ಅಂಟಿಕೊಳ್ಳುತ್ತದೆ. ಚಪ್ಪರದವರೆ, ಬಸಳೆ ಮೈಯನ್ನೇ ಕೋಲಿಗೆ ಸುತ್ತುತ್ತವೆ. ಹಾಗಲಕ್ಕೆ ಇರುವುದು ಎಲೆಯ ಬುಡದಿಂದ ಹೊರಡುವ ದಾರದಂಥ ಕುಡಿ. ಅದು ಗಾಳಿಯಲ್ಲಿ ತಡಕಾಡಿ, ತಾಗಿದ್ದನ್ನು ಸುತ್ತುತ್ತದೆ. ನಿಮ್ಮ ಪೈಪು ಆ ಪುಟ್ಟ ಹಿಡಿತಕ್ಕೆ ದಪ್ಪ ಜಾಸ್ತಿ, ನುಣುಪು ಬೇರೆ. ನಾನೂ ಮೊದಲ ವರ್ಷ ದಪ್ಪ ಬಿದಿರು ನೆಟ್ಟು ಕಾದಿದ್ದೆ. ಹಾಗಲ ಬಿದಿರಿನ ಕಡೆ ತಿರುಗಿಯೂ ನೋಡಲಿಲ್ಲ, ಬಟ್ಟೆ ಒಣಗಿಸುವ ತಂತಿ ಹಿಡಿಯಿತು. ಕಾಯಿ ಮುಗಿಯುವ ತನಕ ಮನೆಯವರ ಬೈಗುಳ ತಿಂದು, ಬಟ್ಟೆಯೆಲ್ಲ ಕುರ್ಚಿಗಳ ಮೇಲೆ ಒಣಗಿಸಿದೆ.

ಮೇಲಿನಿಂದ ಸುತಳಿ ಇಳಿಬಿಡಿ, ಇಲ್ಲವೇ ಪೈಪಿಗೆ ಬಲೆ ಸುತ್ತಿ. ಬಿದ್ದ ಬಳ್ಳಿಯನ್ನು ಎಳೆಯಬೇಡಿ. ಮೆಲ್ಲಗೆ ಎತ್ತಿ, ಸಡಿಲವಾಗಿ ಕಟ್ಟಿ.

ಕುಡಿ ಸುತಳಿ ಹಿಡಿದ ಮೇಲೆ ಒಂದೆರಡು ದಿನ ಬಿಟ್ಟು ಮಗಳನ್ನು ಕರೆದು ತೋರಿಸಿ. ಸ್ಪ್ರಿಂಗಿನ ಹಾಗೆ ಸುರುಳಿಯಾಗಿರುತ್ತದೆ. ಒಂದಷ್ಟು ದೂರ ಒಂದು ದಿಕ್ಕಿಗೆ, ನಡುವೆ ಚೂರು ನೇರ, ಆಮೇಲೆ ಉಲ್ಟಾ ದಿಕ್ಕಿಗೆ! ಎರಡೂ ತುದಿ ಸಿಕ್ಕಿಕೊಂಡಿರುವಾಗ ಒಂದೇ ಕಡೆಗೆ ಸುತ್ತುತ್ತಾ ಹೋಗಲು ಆಗುವುದಿಲ್ಲ, ಅದಕ್ಕೇ ಹೀಗೆ. ಗಾಳಿ ಬೀಸಿದಾಗ ಬಳ್ಳಿ ಹರಿಯದೆ ತೂಗುವುದು ಈ ಸುರುಳಿಯಿಂದ. ಡಾರ್ವಿನ್ ಸೌತೆ ಕುಟುಂಬದ ಬಳ್ಳಿಯೊಂದನ್ನು ಮನೆಯೊಳಗೇ ಇಟ್ಟುಕೊಂಡು ದಿನಗಟ್ಟಲೆ ನೋಡಿದ್ದ. 1865ರಲ್ಲಿ ಬಳ್ಳಿಗಳ ಬಗ್ಗೆ ಉದ್ದನೆಯ ಪ್ರಬಂಧವನ್ನೇ ಬರೆದ.

ಈ ಸುರುಳಿಗೆ ನಿಮ್ಮ ಅತ್ತೆ ಏನಂತಾರೆ? ಕೇಳಿ ಬರೆಯಿರಿ. ನಮ್ಮಲ್ಲಿ ಬರೀ ಕುಡಿ.